ಹಿತ್ತಲ ಬಾಗಿಲಿಗೆ ಬಂದ ಕೇಸುಗಳು

ಆ ದಿನ ಬೆಳಿಗ್ಗೆಯೂ ಮೊದಲು ಹಚ್ಚಿದ್ದು ಸಿರಿಂಜು ಕುದಿಸುವ ಸ್ಟವ್ವನ್ನೇ. ಕಾಫಿ ಆಮೇಲೆ. ಆಸ್ಪತ್ರೆಯ ಸ್ಟವ್ವು ಕೆಟ್ಟು ಎಷ್ಟೋ ತಿಂಗಳಾಗಿದ್ದರಿಂದ ಆ ಕೆಲಸ ನಮ್ಮ ಅಡುಗೆಮನೆಗೆ ಬಂದಿತ್ತು. ಗಾಜಿನ ಸಿರಿಂಜುಗಳನ್ನು ಬಿಡಿಸಿ, ಒಂದೊಂದನ್ನೂ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ತಣ್ಣೀರಿನಲ್ಲಿಟ್ಟು ಕಾಯಿಸಬೇಕು. ಕುದಿಯುವ ನೀರಿಗೆ ಹಾಕಿದರೆ ಗಾಜು ಸೀಳುತ್ತದೆ. ಸೂಜಿಯ ತುದಿಯನ್ನು ಹತ್ತಿಯ ಮೇಲೆ ಎಳೆದು ನೋಡುತ್ತಿದ್ದೆ. ಎಳೆ ಸಿಕ್ಕಿಕೊಂಡರೆ ತುದಿ ಮಡಿಚಿದೆ ಎಂದರ್ಥ, ಅಂಥವು ಸಾಣೆಕಲ್ಲಿನ ಪಕ್ಕಕ್ಕೆ. ಎಂಟು ಗಂಟೆಗೆ ಕಾಂಪೌಂಡರ್ ಸಿದ್ದಪ್ಪ ಬಂದು, ಬಾಗಿಲಲ್ಲೇ ನಿಂತು, "ಅಮ್ಮಾರೆ, ಅಡಿಗಿ ಆತೇನ್ರಿ?" ಎಂದು ಕೇಳಿ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದ. ಹನ್ನೊಂದು ವರ್ಷ ದನದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಆತನಿಗೆ ಸಿರಿಂಜು ಕುದಿಸುವುದು ಅಡಿಗೆಯೇ.

ನಾನು ಡಾಕ್ಟರಲ್ಲ, ಪಶುವೈದ್ಯರೊಬ್ಬರ ಹೆಂಡತಿ. ನಮ್ಮವರು ನಿವೃತ್ತರಾಗಿ ಬಹಳ ಕಾಲವಾಯಿತು. ಈಗಲೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದು, "ಸರ್, ಆಗ ಲ್ಯಾಬು ಇಲ್ಲದೆ ನಾಯಿ ಬೆಕ್ಕುಗಳ ಒಳರೋಗ ಹೇಗೆ ಕಂಡುಹಿಡಿಯುತ್ತಿದ್ದಿರಿ, ಬರೆದಿಡಿ" ಎನ್ನುತ್ತಾರೆ. ಇವರು ನನ್ನ ಕಡೆ ಕೈ ತೋರಿಸುತ್ತಾರೆ. "ನನ್ನ ಅಕ್ಷರ ನನಗೇ ಓದಾಕೆ ಬರಲ್ಲ. ಅವಳನ್ನ ಕೇಳ್ರಿ. ಕಾರ್ಡೆಲ್ಲಾ ಬರೆದೋಳು ಅವಳೇ."

ಅದು ನಿಜ. ಸಿಸ್ಟರುಗಳ ಶಾಲೆಯಲ್ಲಿ ಓದಿದ ನನಗೆ ಬಂದದ್ದು ಎರಡು ವಿದ್ಯೆ, ದುಂಡಗೆ ಬರೆಯುವುದು ಮತ್ತು ಇನ್ನೊಬ್ಬರು ಮಾತಾಡುವಾಗ ಬಾಯಿ ಹಾಕದಿರುವುದು. ಎರಡೂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂದವು. ಎಪ್ಪತ್ತರ ದಶಕದ ನಡುವಿನಿಂದ ಹತ್ತು ಹನ್ನೆರಡು ವರ್ಷ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು ಸೀಮೆ, ಇವರು ಹೋದಲ್ಲೆಲ್ಲ ಬೆಳಿಗ್ಗೆ ಎರಡೆರಡು ಗಂಟೆ ಹೊತ್ತು ಆಸ್ಪತ್ರೆಯ ಜಗಲಿಯ ಮೇಜಿನ ಮುಂದೆ ಕೂತು ಕೇಸು ಕಾರ್ಡು ಬರೆದಿದ್ದೇನೆ. ಯಾವ ವರ್ಷ ಯಾವ ಬಡ್ತಿ ಬಂತು ಎನ್ನುವುದು ಸರ್ವೀಸ್ ಬುಕ್ಕಿನಲ್ಲಿದೆ, ಇಲ್ಲಿ ಬೇಡ. ಆ ದಿನದ ಮಾತಿಗೆ ಬರುವ ಮೊದಲು, ನಾವು ಅಲ್ಲಿಗೆ ಹೇಗೆ ಬಂದೆವು ಎನ್ನುವುದಕ್ಕೆ ಮೂರು ಊರಿನ ಮೂರು ಸಂಗತಿ ಹೇಳಬೇಕು.

ಚನ್ನಗಿರಿ ನಮ್ಮ ಮೊದಲ ಊರು. ನಲ್ಲೂರಿನಿಂದ ಒಬ್ಬ ಯಜಮಾನರು ನಾಯಿ ತಂದಿದ್ದರು. ಎಂಟು ದಿನದಿಂದ ವಾಂತಿ, ಹೊಟ್ಟೆ ಕಲ್ಲಿನ ಹಾಗೆ. ಇವರು ಏನು ತಿಂದಿತ್ತು ಎಂದು ಕೇಳಿದರು. ಯಜಮಾನರು ಜಗಲಿಯಲ್ಲಿ ಕೂತ ಹತ್ತು ಜನರ ಮುಖ ನೋಡಿ, "ಹಾಲು ಅನ್ನ ರೀ. ನಮ್ಮ ಮನಿಯಾಗೆ ಬೇರೆ ಏನು ಸಿಗ್ತೈತೆ" ಎಂದರು. ಇವರು ಜ್ವರ ನೋಡಿದರು, ಕಣ್ಣು ನೋಡಿದರು, ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಆ ಯಜಮಾನರ ಹೆಂಡತಿ ಸುತ್ತು ಹಾಕಿ ನಮ್ಮ ಕ್ವಾರ್ಟರ್ಸಿನ ಹಿತ್ತಲ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳಿದರು. ನೀರು ಕುಡಿದ ಮೇಲೂ ಚೊಂಬು ಹಿಂದಕ್ಕೆ ಕೊಡಲಿಲ್ಲ. ಕೊನೆಗೆ ಮೆಲ್ಲಗೆ, "ಅಕ್ಕಾರೆ, ಅತ್ಲಾಗಿ ಓಣ್ಯಾಗೆ ಮದುವಿ ಇತ್ತು. ಅಲ್ಲಿ ಎಲುಬು ತಿಂದೈತೆ. ನಮ್ಮನೇರು ಲಿಂಗ ಕಟ್ಟಿದೋರು, ಅಷ್ಟು ಮಂದಿ ಮುಂದೆ ನಮ್ಮ ನಾಯಿ ಎಲುಬು ತಿಂತು ಅಂತ ಹೆಂಗ್ ಹೇಳ್ತಾರೆ" ಎಂದರು.

ನಾನು ಹೋಗಿ ಇವರ ಕಿವಿಯಲ್ಲಿ ಹೇಳಿದೆ. ಸೋಪಿನ ನೀರಿನ ಎನಿಮಾ ಕೊಟ್ಟರು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೊರಗೆ ಬಂತು. ಯಜಮಾನರು ಅದನ್ನು ನೋಡಿ, "ಯಾರೋ ಹಾಕಿರಬೇಕು" ಎಂದರು. ಇವರು, "ಹೌದು, ಹಾಕಿರ್ತಾರೆ" ಎಂದರು. ಅವತ್ತಿನಿಂದ ನಮ್ಮ ಕಾರ್ಡಿನ ಹಿಂಬದಿಗೆ ಒಂದು ಗೆರೆ ಸೇರಿತು, "ಉಣಿಸುವವರು ಹೇಳಿದ್ದು" ಅಂತ. ಮುಂಬದಿಯಲ್ಲಿ ಗಂಡಸರು ಹೇಳಿದ್ದು, ಹಿಂಬದಿಯಲ್ಲಿ ಹೆಂಗಸರು ಹೇಳಿದ್ದು. ಪ್ರಾಣಿಯನ್ನು ತರುವವರೇ ಬೇರೆ, ಅದಕ್ಕೆ ದಿನಾ ತಟ್ಟೆ ಇಡುವವರೇ ಬೇರೆ. ಒಳರೋಗದಲ್ಲಿ ಅರ್ಧ ಉತ್ತರ ತಟ್ಟೆ ಇಡುವವರ ಹತ್ತಿರ ಇರುತ್ತದೆ ಎಂದು ಇವರು ಅಂದಿನಿಂದ ಹೇಳುತ್ತಾ ಬಂದಿದ್ದಾರೆ.

ಹೊನ್ನಾಳಿಯಲ್ಲಿ ನಡೆದದ್ದು ಇವರ ತಪ್ಪು. ಸರ್ಕಾರಿ ಕೆಲಸಕ್ಕೆ ಬಂದಿದ್ದ ಒಬ್ಬ ಎಂಜಿನಿಯರರ ಮನೆಯಲ್ಲಿ ಬಿಳೀ ಪಾಮರೇನಿಯನ್ ನಾಯಿ ಇತ್ತು. ಲಾಡಿಹುಳ ಬೀಳುತ್ತಿತ್ತು. ಆಗ ಅದಕ್ಕೆ ಅಡಿಕೆಯ ಸತ್ವದಿಂದ ಮಾಡಿದ ಔಷಧಿ ಕೊಡುತ್ತಿದ್ದರು, ತೂಕಕ್ಕೆ ಸರಿಯಾಗಿ ಕೊಡಬೇಕಾದ ಔಷಧಿ. ಇವರು ಕಣ್ಣಳತೆಯಲ್ಲೇ ತೂಕ ಹೇಳುತ್ತಿದ್ದರು. ಹೋರಿ ಎಮ್ಮೆಗಳಲ್ಲಿ ಕಣ್ಣು ತಪ್ಪುತ್ತಿರಲಿಲ್ಲ. ಆ ನಾಯಿ ನೋಡಲು ಗುಂಡಗೆ, ಆದರೆ ಅರ್ಧ ಬರೀ ಕೂದಲು. ಔಷಧಿ ಕೊಟ್ಟ ಹತ್ತು ನಿಮಿಷಕ್ಕೆ ಜೊಲ್ಲು ಸುರಿಯಲು ಶುರುವಾಗಿ ಕಾಲು ಬಿತ್ತು. ಔಷಧಿಯ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟರೂ ಸಂಜೆಗೆ ಸತ್ತಿತು. ಸಾಯುವ ಮುಂಚೆ ಮೈಯೆಲ್ಲ ಒದ್ದೆಯಾಗಿ ಕೂದಲು ಅಂಟಿಕೊಂಡಾಗ ಅದು ಎಷ್ಟು ಸಣ್ಣ ನಾಯಿ ಎಂದು ನಮ್ಮಿಬ್ಬರಿಗೂ ಕಾಣಿಸಿತು. ಎಂಜಿನಿಯರರ ಹೆಂಡತಿ ನಾಯಿಯ ಕೊರಳ ಗೆಜ್ಜೆ ಬಿಚ್ಚಿಕೊಂಡು ಹೋದರು. ಮರುದಿನ ಇವರು ಕಾಳಿನ ಅಂಗಡಿಯಿಂದ ನೇತು ಹಾಕುವ ತಕ್ಕಡಿಯೊಂದನ್ನು ತಂದು ಜಗಲಿಯ ತೊಲೆಗೆ ಕಟ್ಟಿದರು. ಮುಂದೆ ಯಾವ ಊರಿಗೆ ಹೋದರೂ ಸಾಮಾನಿನ ಲಾರಿಯಲ್ಲಿ ಅದು ಬಂತು. ಮಂದಿ ನಗುತ್ತಿದ್ದರು, "ನಾಯೀನ ಕೇಜಿ ಲೆಕ್ಕದಾಗೆ ಮಾರ್ತೀರೇನ್ರಿ ಡಾಕ್ಟ್ರೇ" ಅಂತ.

ನ್ಯಾಮತಿಯಲ್ಲಿ ಇವರು ತಮ್ಮ ದುಡ್ಡಿನಲ್ಲೇ ಹಳೆಯದೊಂದು ಸೂಕ್ಷ್ಮದರ್ಶಕ ಕೊಂಡರು. ಕಣ್ಣು ಹಳದಿಯಾದ ನಾಯಿಗಳಿಗೆ ಜನ ಕಾಮಾಲೆಯ ನಾಟಿ ಸೊಪ್ಪು ಅರೆದು ಕುಡಿಸಿ, ಕೈ ಮೀರಿದ ಮೇಲೆ ತರುತ್ತಿದ್ದರು. ಇವರು ಕಿವಿಯ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿಗೆ ಸವರಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ತಿಳಿಗೆಂಪು ಬಿಲ್ಲೆಗಳು, ಒಂದೊಂದರ ಒಳಗೆ ಜೋಡಿ ಜೋಡಿಯಾಗಿ ಎಳ್ಳಿನಂಥದ್ದೇನೋ, ತುದಿ ತುದಿ ತಾಗಿಸಿಕೊಂಡು ಮಲಗಿದ ಹಾಗೆ. ಉಣ್ಣೆ ಕಚ್ಚಿ ಬರುವ ಜ್ವರ ಅದು. ಅಷ್ಟು ದಿನ ಹೊಟ್ಟೆಯದು ಎಂದುಕೊಂಡಿದ್ದ ಎಷ್ಟೋ ಕೇಸು ರಕ್ತದ್ದಾಗಿತ್ತು.

ಅದೇ ವರ್ಷ ತಪಾಸಣೆಗೆ ಬಂದ ಮೇಲಧಿಕಾರಿಗಳು ರಿಜಿಸ್ಟರು ತಿರುವಿ ಹಾಕಿ, "ಏನ್ರಿ ಇದು, ಬರೀ ನಾಯಿ ಬೆಕ್ಕು. ಸರ್ಕಾರ ನಿಮಗೆ ಸಂಬಳ ಕೊಡೋದು ಹಾಲು ಕರೆಯೋ ಪ್ರಾಣಿಗೆ" ಎಂದರು. ತಿಂಗಳ ವರದಿಯಲ್ಲಿ ದನ, ಎಮ್ಮೆ, ಕುರಿ, ಮೇಕೆ, ಕೋಳಿ ಎಂದು ಕಾಲಮುಗಳಿದ್ದವು, ಕೊನೆಗೆ "ಇತರೆ". ಇವರು ಬೆಂಗಳೂರಿನಲ್ಲಿ ಎರಡು ವರ್ಷ ನಾಯಿ ಬೆಕ್ಕುಗಳ ರೋಗದ ಬಗ್ಗೆಯೇ ಹೆಚ್ಚಿಗೆ ಓದಿ ಬಂದದ್ದೆಲ್ಲ ಆ ಇತರೆಯಲ್ಲೇ. ಸಾಹೇಬರು ಕೆಟ್ಟವರೇನಲ್ಲ. ಹೊರಡುವಾಗ ಜೀಪು ಹತ್ತಿ, "ಮಾಡ್ರಿ, ಬೇಡ ಅನ್ನಲ್ಲ. ದನದ ಕೆಲಸ ಮುಗಿಸಿ ಮಾಡ್ರಿ" ಎಂದರು. ಇವರು ಹಾಗೆಯೇ ಮಾಡಿದರು. ಸಂಜೆ ನಾಲ್ಕರ ಮೇಲೆ ಇತರೆ.

ಇನ್ನು ಆ ದಿನ.

ಜಗಳೂರು ಸೀಮೆಯ ಒಂದು ದೊಡ್ಡ ಊರು. ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಎಂಬತ್ತರ ದಶಕದ ನಡುಭಾಗ. ಸಿದ್ದಪ್ಪ ಸಿರಿಂಜಿನ ತಟ್ಟೆ ಒಯ್ದ ಅರ್ಧ ಗಂಟೆಗೆ ಜವಳಿ ಅಂಗಡಿಯ ಚನ್ನಬಸಪ್ಪನವರು ಆಳಿನ ಕೈಯಲ್ಲಿ ನಾಯಿ ಹೊರಿಸಿಕೊಂಡು ಬಂದರು. ಅರವತ್ತು ದಾಟಿದವರು, ಪಂಚಾಯಿತಿ ಮೆಂಬರು, ಊರಲ್ಲಿ ಮಾತು ನಡೆಯುವ ಮನುಷ್ಯ. ಕಪ್ಪನೆಯ ಬೇಟೆ ನಾಯಿ, ಪಕ್ಕೆಲುಬು ಎಣಿಸಬಹುದಾದಷ್ಟು ತೆಳ್ಳಗೆ. ಕರಿಯ ಎಂದು ಹೆಸರು. ಮುಖ, ಕಿವಿ, ಕುತ್ತಿಗೆ ಅದುರುತ್ತಿತ್ತು. ಸಿದ್ದಪ್ಪ ಡಬ್ಬಿಯ ಮುಚ್ಚಳ ಬೀಳಿಸಿದ ಸದ್ದಿಗೆ ಇಡೀ ಮೈ ಸೆಟೆದು ಹಲ್ಲು ಕಟಕಟ ಎಂದಿತು.

ಆ ವಾರ ಊರಿನಲ್ಲಿ ಬೀದಿ ನಾಯಿ ಕೊಲ್ಲುತ್ತಾರೆಂದು ಡಂಗುರ ಹೊಡೆದಿದ್ದರು. ಆ ಕಾಲದಲ್ಲಿ ಅದು ಪ್ರತಿ ಬೇಸಿಗೆಯ ಕೆಲಸ. ಪಂಚಾಯಿತಿಯ ಮಾರಪ್ಪ ವಿಷದ ಉಂಡೆ ಇಡುತ್ತಿದ್ದ. ಆ ವಿಷಕ್ಕೂ ನಾಯಿ ಹೀಗೆಯೇ, ಸದ್ದಿಗೆ ಸೆಟೆಯುತ್ತದೆ.

"ಹೋದ ವಾರ ಉಣ್ಣೆಗೆ ಪುಡಿ ಒಯ್ದಿದ್ರಲ್ಲ, ಹಚ್ಚಿದ್ರಾ?" ಎಂದು ಇವರು ಕೇಳಿದರು.

"ಅದು ಅವತ್ತೇ ಹಚ್ಚಿ ಮುಗಿದೈತೆ ಡಾಕ್ಟ್ರೇ. ಇದು ಮಾರನ ಕೆಲ್ಸ. ಹೋದ ತಿಂಗಳು ನಮ್ಮ ಬೀದಿಗೆ ನೀರು ಬಿಡ್ಲಿಲ್ಲ ಅಂತ ನಾನು ನಾಲ್ಕು ಮಂದಿ ಮುಂದೆ ಬೈದಿದ್ದೆ. ಆ ಸಿಟ್ಟು ನಾಯಿ ಮೇಲೆ ತೀರ್ಸ್ಯಾನೆ."

ಇವರು ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಕಿವಿಗೆ ಹತ್ತಿ ಇಟ್ಟು, ನಾಯಿಯನ್ನು ಹಿಂದಿನ ಕತ್ತಲೆ ಕೋಣೆಗೆ ಹಾಕಿಸಿದರು. ಚನ್ನಬಸಪ್ಪನವರು ಹೋಗಲಿಲ್ಲ.

"ಒಂದು ಚೀಟಿ ಕೊಡ್ರಿ."

"ಇನ್ನೂ ಪೂರ್ತಿ ತಿಳಿದಿಲ್ಲ, ಸಾಯಂಕಾಲ ನೋಡಾಣ."

"ಕಾಣೋದನ್ನ ಬರ್‍ಕೊಡ್ರಿ ಸಾಕು. ಏನ್ ಕಾಣ್ತೈತೆ?"

ಹೊರಗೆ ಎರಡು ಎಮ್ಮೆ, ಒಂದು ಕಾಲು ಮುರಿದ ಕರು ಕಾಯುತ್ತಿದ್ದವು. ಇವರು ಕೈ ತೊಳೆಯುತ್ತಲೇ ಹೇಳಿದರು, ನಾನು ಬರೆದೆ: "ಲಕ್ಷಣಗಳಿಂದ ನಾಯಿಗೆ ವಿಷಪ್ರಾಶನವಾಗಿರುವಂತೆ ಕಾಣುತ್ತದೆ." ಇವರು ಒದ್ದೆ ಕೈಯಲ್ಲೇ ಸಹಿ ಹಾಕಿದರು. ಕಾಗದದ ಮೂಲೆಯಲ್ಲಿ ಶಾಯಿ ಸ್ವಲ್ಪ ಹರಡಿತು. ಇವರ ಮಟ್ಟಿಗೆ ಅದು ಶಂಕೆ, ಓದುವವರ ಮಟ್ಟಿಗೆ ತೀರ್ಪು. ಹೊಸಬರಿಗೆ ಇದೊಂದು ಮಾತು ಹೇಳಬೇಕು. ಕೈ ತೊಳೆಯುತ್ತಾ ಚೀಟಿ ಬರೆಸಬೇಡಿ.

ಹನ್ನೊಂದರ ಹೊತ್ತಿಗೆ ಗೇಟಿನ ಹತ್ತಿರ ಮಾರಪ್ಪ ಬಂದು ನಿಂತ. ಪಂಚಾಯಿತಿಯಲ್ಲಿ ಒಂಬತ್ತು ವರ್ಷದಿಂದ ದಿನಗೂಲಿ. ನಲ್ಲಿಯ ನೀರು ಬಿಡುವುದು, ಬೀದಿ ದೀಪ ಹಾಕುವುದು, ಬೇಸಿಗೆಯಲ್ಲಿ ನಾಯಿಗಳ ಈ ಕೆಲಸ. ಇವರು ಒಳಗೆ ಕರೆದರೂ ಜಗಲಿ ಹತ್ತಲಿಲ್ಲ.

"ಸಾಹೇಬ್ರೆ, ನೀವು ಬರ್‍ಕೊಟ್ಟೀರಂತೆ."

"ಯಾರು ಇಟ್ಟರು ಅಂತ ನಾನು ಬರೆದಿಲ್ಲ ಮಾರಪ್ಪ."

"ವಿಷ ಅಂತ ಬರೆದ ಮ್ಯಾಲೆ ನನ್ನ ಹೆಸರು ಬೇರೆ ಬರೀಬೇಕೇನ್ರಿ? ಊರಾಗೆ ಇಡೋನು ನಾನೊಬ್ಬನೇ. ನಾನು ಸಂತೆ ಮಾಳದ ಕಡಿಗೆ ಇಟ್ಟಿದ್ದು. ಬೆಳಗಾಗೋದ್ರಾಗೆ ಉಳಿದಿದ್ದೆಲ್ಲ ಎಣಿಸಿ ಎತ್ಗಂಡು ಬಂದು ಸೆಕ್ರೆಟರಿ ಮುಂದೆ ಹೂಳಿದ್ದೀನಿ. ಆ ಬೀದಿಗೆ ಹೋಗೇ ಇಲ್ಲ." ಗೇಟಿನ ಕಂಬಿ ಹಿಡಿದುಕೊಂಡ. "ಈ ತಿಂಗಳು ನನ್ನ ಖಾಯಂ ಆಗೋದೈತೆ. ನಾಲ್ಕು ಗಂಟೆಗೆ ಮೆಂಬರೆಲ್ಲ ಸೇರ್ತಾರಂತೆ. ನಾಳಿಂದ ಬರಬ್ಯಾಡ ಅಂತ ಹೇಳಾಕೆ ಕರೆದಾರೆ."

ಇವರು ಒಳಗೆ ಬಂದು ಕತ್ತಲೆ ಕೋಣೆಯ ಬಾಗಿಲು ಸ್ವಲ್ಪ ತೆರೆದು ನಿಂತರು. "ಆ ವಿಷ ಆಗಿದ್ರೆ ಇಷ್ಟೊತ್ತಿಗೆ ಸತ್ತಿರಬೇಕಿತ್ತು, ಇಲ್ಲ ಇಳಿದಿರಬೇಕಿತ್ತು. ಇದು ಎರಡೂ ಆಗ್ತಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಮಾರಪ್ಪ ಬೇವಿನ ಮರದ ಬುಡದಲ್ಲಿ ಕೂತ.

ನಾನು ಊಟಕ್ಕೆ ಇಡಲು ಮನೆಗೆ ಬಂದೆ. ಒಂದು ಗಂಟೆಗೆ ಹಿತ್ತಲ ಬಾಗಿಲು ಬಡಿದರು. ಚನ್ನಬಸಪ್ಪನವರ ಸೊಸೆ ಗಿರಿಜಾ, ಕೈಯಲ್ಲಿ ಮಜ್ಜಿಗೆ ಗಿಂಡಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. "ಅತ್ತಿ ಕೊಟ್ಟು ಬಾ ಅಂದ್ರು" ಎಂದಳು. ಅತ್ತೆ ಕೊಟ್ಟದ್ದಲ್ಲ ಎನ್ನುವುದು, ಗಿಂಡಿಗೆ ಮುಚ್ಚಳವಿಲ್ಲದೆ ಸೆರಗು ಮುಚ್ಚಿಕೊಂಡು ಬಂದದ್ದರಲ್ಲೇ ಗೊತ್ತಾಯಿತು. ಗಿಂಡಿ ತೆಗೆದುಕೊಳ್ಳಲು ಹತ್ತಿರ ಹೋದೆ. ಅವಳ ಕೈಯಿಂದ ಒಂದು ವಾಸನೆ ಬಂತು. ಮುಗ್ಗಲು ಹಿಡಿದ ಚೀಲದಂಥ ಘಾಟು. ಉಣ್ಣೆ ಹೇನಿಗೆ ಕೊಡುತ್ತಿದ್ದ ಬಿಎಚ್‌ಸಿ ಪುಡಿಯದು. ಆಸ್ಪತ್ರೆಯ ಗೋಡೆ, ಕಪಾಟು, ಸಿದ್ದಪ್ಪನ ಅಂಗಿ ಎಲ್ಲಕ್ಕೂ ಅದೇ ವಾಸನೆ ಇದ್ದದ್ದರಿಂದ ಬೆಳಿಗ್ಗೆ ನಾಯಿಯ ಮೈಯಲ್ಲಿ ಅದು ನಮ್ಮ ಯಾರ ಮೂಗಿಗೂ ಹತ್ತಿರಲಿಲ್ಲ. ನನ್ನ ಅಡುಗೆಮನೆಯ ಬಾಗಿಲಲ್ಲಿ ಹತ್ತಿತು.

"ಕರಿಯಗೆ ಪುಡಿ ಹಚ್ಚಿದ್ದು ನೀನೇನಮ್ಮ?"

ಅವಳು "ಬದುಕ್ತೈತೇನ್ರಿ?" ಎಂದಳು.

"ಯಾವಾಗ ಹಚ್ಚಿದ್ದು?"

"ನಿನ್ನಿ. ಮಾವ ಪೊಟ್ಟಣ ತಂದು ಗೂಡಿನಾಗೆ ಇಟ್ಟು, ನಾಯಿಗೆ ಹಚ್ಚು ಅಂದ್ರು. ಹೋದ ವಾರ ನನಗೆ ಕೈ ಬಿಡುವಾಗಿರ್ಲಿಲ್ಲ. ನಿನ್ನಿ ಹಬ್ಬದ ಎಣ್ಣಿ ನೀರಿನ ದಿನ, ಮನಿಮಂದಿಗೆಲ್ಲ ಹರಳೆಣ್ಣಿ ಹಚ್ಚಿದ್ವಿ. ಬಟ್ಟಲಾಗೆ ಎಣ್ಣಿ ಉಳಿದಿತ್ತು. ಒಣ ಪುಡಿ ಉದುರ್‍ತೈತೆ, ಮೈಗೆ ಹತ್ತಾಕಿಲ್ಲ ಅಂತ ಅದರಾಗೆ ಕಲಸಿ ಚೆನ್ನಾಗಿ ತಿಕ್ಕಿದೆ. ಕೈಗೆ ಎಷ್ಟು ಸೀಗೆಕಾಯಿ ಹಾಕಿ ತೊಳೆದ್ರೂ ಹೋಗವಲ್ದು." ಆಮೇಲೆ ತಲೆ ಎತ್ತಿ, "ಮಾವ ಅವತ್ತೇ ಹಚ್ಚಿದ್ದಾಳೆ ಅಂದ್ಕಂಡಾರೆ. ಹೇಳಬ್ಯಾಡ್ರಿ ಅಕ್ಕಾರೆ. ನಾಯಿ ಅಂದ್ರೆ ಅವರಿಗೆ ಮಗ ಇದ್ದಂಗೆ. ನನ್ನ ತವರಿಗೆ ಕಳಿಸಿಬಿಡ್ತಾರೆ" ಎಂದಳು.

"ನಿನ್ನ ಹೆಸರು ಬರಲ್ಲ. ಆದರೆ ಡಾಕ್ಟರಿಗೆ ಹೇಳದೆ ಇದ್ದರೆ ನಾಯಿ ಉಳಿಯಲ್ಲ" ಎಂದೆ. ಅವಳು ಗಿಂಡಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು.

ಅನ್ನದ ಪಾತ್ರೆ ಇಳಿಸಿ ಆಸ್ಪತ್ರೆಗೆ ನಡೆದೆ. ಹೇಳಿ ಮುಗಿಸುವ ಮೊದಲೇ ಇವರು ಅಂಗಿಯ ತೋಳು ಮಡಿಚುತ್ತಿದ್ದರು. ಎಣ್ಣೆಯಲ್ಲಿ ಕಲಸಿದರೆ ಆ ಪುಡಿಯನ್ನು ಚರ್ಮ ಕುಡಿಯುತ್ತದೆ. ಒಣಗಿದ್ದರೆ ಮೇಲೆಯೇ ಇರುತ್ತದೆ. ಮೈಯಲ್ಲಿ ಕೊಬ್ಬಿಲ್ಲದ ನಾಯಿಗೆ ಇನ್ನೂ ಬೇಗ ಏರುತ್ತದೆ. ಬೆಳಗಿನಿಂದ ನಾವು ಔಷಧಿ ಕೊಡುತ್ತಾ ಕೂತಿದ್ದೆವು, ಅದು ಮೈಮೇಲಿಂದ ಇನ್ನೂ ಒಳಗೆ ಇಳಿಯುತ್ತಲೇ ಇತ್ತು. ಉಗುರುಬೆಚ್ಚಗಿನ ನೀರು, ಬಟ್ಟೆ ಸೋಪು. ಮತ್ತಿನಲ್ಲಿದ್ದ ನಾಯಿಯನ್ನು ಇವರು, ಸಿದ್ದಪ್ಪ ಸೇರಿ ನಾಲ್ಕು ಸಲ ತೊಳೆದರು. ಹೊರಗಿದ್ದ ಮಾರಪ್ಪನೇ ಬಾವಿಯಿಂದ ನೀರು ಸೇದಿ ಕೊಟ್ಟ, ಯಾಕೆ ಎಂದು ಕೇಳಲಿಲ್ಲ. ಮೊದಲ ನೀರು ಬೆಳ್ಳಗೆ, ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ಸಿದ್ದಪ್ಪ, "ಹಬ್ಬದ ನೀರು ಇವನಿಗೂ ಆತು" ಎಂದ. ಮೂರನೆಯ ಸಲದ ಹೊತ್ತಿಗೆ ಕಿವಿ ಅದುರುವುದು ಕಡಿಮೆಯಾಯಿತು.

ನಾನು ಜಗಲಿಗೆ ಬಂದು ಹೋದ ವಾರದ ಕಾರ್ಡು ಹುಡುಕಿದೆ. ನನ್ನದೇ ಅಕ್ಷರ: "ಉಣ್ಣೆ. ಪುಡಿ ಒಂದು ಪೊಟ್ಟಣ. ಒಣಗಿದ್ದನ್ನೇ ಹಚ್ಚಿ ಬಟ್ಟೆಯಲ್ಲಿ ಒರೆಸಲು, ಎಣ್ಣೆ ಸೋಕಿಸಬಾರದೆಂದು ಎರಡು ಸಲ ಹೇಳಲಾಗಿದೆ." ಇವರು ಚನ್ನಬಸಪ್ಪನವರಿಗೆ ಹೇಳಿದ್ದು. ಅವರು ಹೂಂ ಹೂಂ ಎಂದದ್ದು ನನಗೆ ನೆನಪಿತ್ತು. ಕಾರ್ಡನ್ನು ಇವರ ಮುಂದೆ ಇಟ್ಟೆ. ಇವರು ಓದಿದರು. ಸೋಪಿನ ಕೈ ಒರೆಸಿಕೊಂಡು ಕಾರ್ಡನ್ನು ಡ್ರಾಯರಿನಲ್ಲಿ, ಬೇರೆ ಕಾಗದಗಳ ಕೆಳಗೆ ಇಟ್ಟರು.

ಮೂರು ಗಂಟೆಗೆ ಚನ್ನಬಸಪ್ಪನವರು ಬಂದರು. ಪಂಚಾಯಿತಿಗೆ ಹೋಗುವ ದಾರಿ, ಬಿಳೀ ಅಂಗಿ ಹಾಕಿಕೊಂಡಿದ್ದರು. ಚೀಟಿಯ ತುದಿ ಜೇಬಿನಿಂದ ಕಾಣುತ್ತಿತ್ತು. ನಾಯಿ ಒದ್ದೆ ಮೈಯಲ್ಲಿ ಗೋಣಿಚೀಲದ ಮೇಲೆ ಮಲಗಿ ಅವರ ದನಿಗೆ ಬಾಲ ಒಂದು ಸಲ ಎತ್ತಿ ಹಾಕಿತು.

"ಉಳೀತು" ಎಂದರು ಇವರು. "ಆದ್ರೆ ಚೀಟಿ ವಾಪಸ್ ಕೊಡ್ರಿ. ನಾನು ತಪ್ಪು ಬರೆಸಿದ್ದೀನಿ. ಇದು ಹೊಟ್ಟೆಗೆ ಹೋಗಿದ್ದಲ್ಲ, ಮೈಗೆ ಹಚ್ಚಿದ್ದು. ನಾನು ಕೊಟ್ಟ ಪುಡಿ. ಅದಕ್ಕೆ ಎಣ್ಣೆ ತಾಗಿದೆ."

"ಎಣ್ಣೆ ಯಾರು ಹಾಕ್ತಾರ್ರಿ?" ಚನ್ನಬಸಪ್ಪನವರ ದನಿ ಏರಿತು. "ಮನೀಗೆ ಹೋಗಿ ಕೇಳ್ತೀನಿ ತಡೀರಿ."

"ಯಾರನ್ನೂ ಕೇಳಬ್ಯಾಡ್ರಿ. ಒಣಗಿದ್ದನ್ನೇ ಹಚ್ಚಬೇಕು, ಎಣ್ಣೆ ಸೋಕಿಸಬಾರದು ಅಂತ ನಾನು ಅವತ್ತು ಹೇಳಬೇಕಿತ್ತು. ಹೇಳಾಕೆ ಮರೆತೆ."

ಚನ್ನಬಸಪ್ಪನವರು ನಾಯಿಯನ್ನು ನೋಡಿದರು, ಮೇಜನ್ನು ನೋಡಿದರು, ಒಂದು ಕ್ಷಣ ನನ್ನನ್ನೂ ನೋಡಿದರು. ಇವರು ಹೇಳಿದ್ದು ಅವರಿಗೆ ನೆನಪಾಗಿತ್ತು ಎಂದೇ ನನ್ನ ತಿಳುವಳಿಕೆ. ಪೊಟ್ಟಣವನ್ನು ಗೂಡಿನಲ್ಲಿಟ್ಟು ಮಾತನ್ನು ಅಲ್ಲಿಡದೆ ಬಂದದ್ದು ತಾವೇ ಎನ್ನುವುದೂ. ಅವರ ಕೈ ಹೆಗಲ ಟವೆಲ್ಲನ್ನು ಎರಡು ಸಲ ಸರಿಮಾಡಿತು.

"ಹೌದೌದು. ನೀವು ಹೇಳಿರ್ಲಿಲ್ಲ" ಎಂದರು. ಆಮೇಲೆ ದನಿ ಗಟ್ಟಿಯಾಯಿತು. "ಹೇಳಬೇಕಿತ್ತು ಡಾಕ್ಟ್ರೇ. ನಮಗೇನು ಗೊತ್ತಾಗ್ತೈತೆ. ದೊಡ್ಡ ಅನಾಹುತ ಆಗ್ತಿತ್ತು ನೋಡ್ರಿ."

"ಆಗ್ತಿತ್ತು" ಎಂದರು ಇವರು.

ಚೀಟಿ ಜೇಬಿನಿಂದ ಹೊರಗೆ ಬಂತು. ಇವರು ನನಗೆ ಇನ್ನೊಂದು ಬರೆಯಲು ಹೇಳಿದರು, ಈ ಸಲ ಕುರ್ಚಿಯಲ್ಲಿ ಕೂತು: ನಾಯಿಯ ಕಾಯಿಲೆ ಆಸ್ಪತ್ರೆಯಿಂದ ಕೊಟ್ಟ ಉಣ್ಣೆ ಪುಡಿಯಿಂದ ಆದದ್ದು, ಬೇರೆ ಯಾರದ್ದೂ ತಪ್ಪಿಲ್ಲ, ಬೆಳಗಿನ ಚೀಟಿ ರದ್ದು. ನಾನು ಪೆನ್ನು ಹಿಡಿದು ಇವರ ಮುಖ ನೋಡಿದೆ. "ಬರಿ" ಎಂದರು. ಅದು 'ಆಸ್ಪತ್ರೆಯಿಂದ' ಎಂದಿದ್ದರೂ ಸಹಿ ಇವರೊಬ್ಬರದೇ. ಮೇಲಿನವರ ಕೈಗೆ ಹೋದರೆ ಕಾರಣ ಕೇಳುವ ನೋಟೀಸು ಬರಬಹುದಾಗಿತ್ತು. ಚನ್ನಬಸಪ್ಪನವರು ಅದನ್ನು ಮಡಿಚಿಕೊಂಡು ಗೇಟು ದಾಟುವಾಗ ಬೇವಿನ ಮರದ ಕಡೆ ತಿರುಗದೆ, "ಲೇ ಮಾರಾ, ನಾಲ್ಕಕ್ಕೆ ಬರಬ್ಯಾಡ. ಕೆಲ್ಸ ನೋಡ್ಕ ಹೋಗು" ಎಂದರು. ಮಾರಪ್ಪ ಎದ್ದು ನಿಂತ. ನಮ್ಮ ಜಗಲಿಯ ಕಡೆ ನೋಡಿದ, ಬಾವಿಯ ಹಗ್ಗ ಸುತ್ತಿಟ್ಟು ಹೋದ.

ಅವರೆಲ್ಲ ಹೋದ ಮೇಲೆ ಕೇಳಿದೆ. "ರೀ, ಎರಡು ಸಲ ಹೇಳಿದ್ದಿರಿ. ಕಾರ್ಡಿನಲ್ಲೇ ಐತೆ."

"ಹೇಳಿದ್ದೆ. ಹಚ್ಚೋಳಿಗೆ ಹೇಳಿರ್ಲಿಲ್ಲವಲ್ಲ" ಎಂದರು. ಉಣಿಸುವವರನ್ನು ಕೇಳಬೇಕು ಎಂದು ಹತ್ತು ವರ್ಷದಿಂದ ಹೇಳುತ್ತಿದ್ದವರು, ಔಷಧಿ ಕೊಡುವಾಗ ಮಾತ್ರ ಎದುರಿಗಿದ್ದ ಗಂಡಸಿಗೆ ಹೇಳಿ ಮುಗಿಸುತ್ತಿದ್ದರು. ನನಗೂ ಅದು ಹೊಳೆದಿರಲಿಲ್ಲ. ಹಾಗೆ ನೋಡಿದರೆ ಸುಳ್ಳು ಹೇಳಿದ್ದು ಅರ್ಧ ಮಾತ್ರ. ಇವರು ಇನ್ನೊಂದು ಎಮ್ಮೆಯ ಕಡೆ ಹೊರಟರು. ನಾನು ಗಿರಿಜಾ ಬಿಟ್ಟುಹೋದ ಮಜ್ಜಿಗೆ ಗಿಂಡಿಯನ್ನು ತೊಳೆದು ಬೋರಲು ಹಾಕಿದೆ.

ಐದೂವರೆಗೆ ಬೀದಿ ನಲ್ಲಿಯಲ್ಲಿ ನೀರು ಬಂತು. ಮೊದಲು ಗಾಳಿ ಬುಸ್ಸೆಂದು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ಮಾರಪ್ಪ ವಾಲ್ವು ತಿರುಗಿಸಿದ್ದಾನೆ ಎಂದುಕೊಂಡು ಕೊಡ ತೆಗೆದುಕೊಂಡು ಹೋದೆ. ಪಕ್ಕದ ಮನೆಯ ಸರೋಜಮ್ಮ, ಪೋಸ್ಟ್ ಆಫೀಸಿನವರ ಹೆಂಡತಿ, ನನಗಿಂತ ಮುಂಚೆ ಬಂದು ಕೊಡ ಇಟ್ಟಿದ್ದರು. ಕೊಡದ ಕಂಠವನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ಅಲ್ರೀ, ಸಾಹುಕಾರ್ರ ನಾಯಿಗೆ ಪುಡಿ ಹೆಂಗೆ ಹಚ್ಚಬೇಕು ಅಂತ ಹೇಳಾಕೇ ಮರೆತಿದ್ರಂತೆ ನಿಮ್ಮನೇರು? ಅಂಗಡ್ಯಾಗೆ ಎಲ್ಲರ ಮುಂದೆ ಹೇಳ್ತಿದ್ರು. ಹೋಗ್ಲಿ ಬಿಡ್ರಿ, ದನಾ ಎಮ್ಮಿ ನೋಡೋರಿಗೆ ನಾಯಿ ಬೆಕ್ಕಿಂದು ಎಲ್ಲಿ ತಿಳೀತೈತೆ. ಸ್ವಲ್ಪ ಆ ಕೊಡ ಇತ್ತ ಸರಿಸ್ರಿ."